ಗ್ಯಾಸ್‌ಲೈಟಿಂಗ್‌ಗೆ ಕನ್ನಡದಲ್ಲಿ ಏನಂತಾರೆ?

ಮಾರ್ಚ್ 9, ಭಾನುವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಮೇನೂತ್, ಐರ್ಲೆಂಡ್.

ಕಳೆದ ವಾರ ‘ಗ್ಯಾಸ್‌ಲೈಟಿಂಗ್’ ಎಂಬ ಪದ ಮನೆಯಲ್ಲೂ ಕಾಲೇಜಿನಲ್ಲೂ ಸೇರಿ ಹನ್ನೊಂದು ಸಲ ನನ್ನ ಕಿವಿಗೆ ಬಿತ್ತು. ಒಂಬತ್ತು ಸಲ ಅದರ ಅರ್ಥ ಬರೀ ಸುಳ್ಳು ಹೇಳುವುದು. ಒಂದು ಸಲ ಯಾರೋ ಆ ಪದದಿಂದ ಹವಾಮಾನದ ಆ್ಯಪನ್ನು ಬೈದರು. ಒಬ್ಬರಿಗೆ ತಮ್ಮ ತಲೆಯ ಮೇಲೇ ನಂಬಿಕೆ ಹೋಗುವಂತೆ ಮಾಡುವುದು ಎಂಬ ಸರಿಯಾದ ಅರ್ಥದಲ್ಲಿ ಬಂದದ್ದು ಒಂದೇ ಸಲ, ನನ್ನ ರೂಮ್‌ಮೇಟ್ ವಿಷಯದಲ್ಲಿ.

ಮನೆಯಲ್ಲಿ ನಾವು ಮೂವರು ಹುಡುಗಿಯರು. ಬಾಡಿಗೆ ಕರಾರು ಹಿರಿಯವಳ ಹೆಸರಿನಲ್ಲಿದೆ. ಅವಳನ್ನು ಅಕ್ಕ ಎನ್ನುತ್ತೇವೆ. ಇಲ್ಲಿನ ಚಳಿಗೆ ಮೊಸರು ಗಟ್ಟಿಯಾಗುವುದಿಲ್ಲ. ಬಿಸಿನೀರಿನ ಟ್ಯಾಂಕ್ ಇರುವ ಕಪಾಟಿನಲ್ಲಿ ಇಲ್ಲಿಯವರು ಬಟ್ಟೆ ಬೆಚ್ಚಗಿಡುತ್ತಾರೆ, ನಾವು ಹಾಲಿಗೆ ಹೆಪ್ಪು ಹಾಕಿ ಇಡುತ್ತೇವೆ. ಅದು ರೂಮ್‌ಮೇಟ್ ಕೆಲಸ.

ಜನವರಿಯಿಂದ ಮೊಸರು ಆಗಾಗ ಕೈಕೊಡತೊಡಗಿತು. ಹೆಪ್ಪು ಹಾಕುವುದನ್ನೇ ಮರೆತಿದ್ದೀಯ ಎಂದು ಅಕ್ಕ ಪ್ರತಿಸಲ ಹೇಳುವಳು. ಆಮೇಲೆ, ಬಾಗಿಲು ಹಾಕಲಿಲ್ಲ, ನಾನು ಹೇಳಿದ್ದು ನಿನಗೆ ನೆನಪೇ ಇಲ್ಲ ಎಂದೂ ಶುರುವಾಯಿತು. ರೂಮ್‌ಮೇಟ್ ನಂಬಿಬಿಟ್ಟಳು. ಓದಿದ್ದೂ ತಲೆಯಲ್ಲಿ ನಿಲ್ಲುತ್ತಿಲ್ಲ, ಎಂ.ಎಸ್ಸಿ. ಬಿಟ್ಟು ದಾವಣಗೆರೆಗೆ ಹೋಗುತ್ತೇನೆ ಎಂದಳು.

ಮೊನ್ನೆ ಗುರುವಾರ ಬೆಳಿಗ್ಗೆ ಅವಳು ಹೆಪ್ಪು ಹಾಕುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಇಬ್ಬರೂ ಕಾಲೇಜಿನಿಂದ ಬಂದಾಗ ಹಾಲು ಹಾಲಾಗಿಯೇ ಇತ್ತು. ಕಪಾಟು ತಣ್ಣಗಿತ್ತು, ಬಿಸಿನೀರಿನ ಸ್ವಿಚ್ ಆಫ್ ಆಗಿತ್ತು. ಇಡೀ ದಿನ ಮನೆಯಿಂದಲೇ ಕೆಲಸ ಮಾಡಿದ್ದ ಅಕ್ಕ ಹೊರಗೆ ಬಂದು, “ಮತ್ತೆ ಮರ್ತಿದೀಯ. ನಿನ್ನ ಡಾಕ್ಟರ್‌ಗೆ ತೋರಿಸ್ಬೇಕು ಕಣೇ” ಎಂದಳು.

“ಅವಳು ಹಾಕಿದ್ದು ನಾನು ನೋಡಿದೀನಿ ಅಕ್ಕ. ಸ್ವಿಚ್ ಆಫ್ ಮಾಡಿದ್ಯಾರು?”

ಕರೆಂಟ್ ಬಿಲ್ ನಿಮ್ಮಪ್ಪ ಕಟ್ತಾನಾ ಎಂದು ಗೊಣಗಿ ಅಕ್ಕ ರೂಮು ಸೇರಿದಳು. “ಹಂಗಾರೆ ನನ್ ತಲೆ ಸರಿ ಐತೆ” ಎಂದು ರೂಮ್‌ಮೇಟ್ ಮೆಲ್ಲಗೆ ಹೇಳಿಕೊಂಡಳು.

ನಿನ್ನೆ ಅವಳು ತನ್ನ ಅಮ್ಮನಿಗೆ ಫೋನ್ ಮಾಡಿ, ಅಕ್ಕ ಮಾಡಿದ್ದು ಗ್ಯಾಸ್‌ಲೈಟಿಂಗ್, ಓದು ಬಿಡುವುದಿಲ್ಲ ಎಂದಳು. ಆ ಇಂಗ್ಲಿಷ್ ಪದ ಏನೆಂದು ಅಮ್ಮ ಕೇಳಿದಾಗ ನಾವಿಬ್ಬರೂ ತಡಕಾಡಿದೆವು. ತಲೆ ತುಂಬುವುದೆಂದರೆ ಬೇರೆಯವರ ಮೇಲೆ ಎತ್ತಿಕಟ್ಟುವುದು. ಮಂಕುಬೂದಿ ಎರಚಿದರೆ ಜನ ಮರುಳಾಗುತ್ತಾರೆ, ಆದರೆ ತಮ್ಮನ್ನೇ ಅನುಮಾನಿಸುವುದಿಲ್ಲ. ಕೊನೆಗೆ ಅವಳೇ ಹೇಳಿದಳು: “ನನ್ ನೆನಪನ್ನೇ ನನ್ ಮೇಲೆ ಛೂ ಬಿಡೋದಮ್ಮ.”

“ಹೆಸರು ಗೊತ್ತಿಲ್ಲ ಬಿಡು. ಅಂಥೋರು ನಮ್ ಬೀದ್ಯಾಗೂ ಅದಾರ. ನೀ ಪರೀಕ್ಷೆ ಬರಿ” ಎಂದರು ಅಮ್ಮ.

ಏಪ್ರಿಲ್‌ನಿಂದ ನಾವಿಬ್ಬರೂ ಬೇರೆ ಮನೆಗೆ ಹೋಗುತ್ತಿದ್ದೇವೆ. ಪದ ಮಾತ್ರ ಸಿಕ್ಕಿಲ್ಲ. ನಿಮ್ಮ ಕಡೆ ಇದಕ್ಕೊಂದು ಮಾತಿದ್ದರೆ, ಅದನ್ನು ಯಾರು, ಯಾವಾಗ ಆಡುತ್ತಾರೆ ಎಂಬುದನ್ನೂ ಸೇರಿಸಿ ನನಗೆ ಬರೆಯಿರಿ.