ರೂಪಾಳನ್ನು ಕೇಳಿದ ದಿನ

ಶ್ರೀರಂಗಪಟ್ಟಣದ ಬಾಲಕಿಯರ ಬಾಲಮಂದಿರದಲ್ಲಿ ನಾನು ಆಪ್ತಸಮಾಲೋಚಕಿ. ಹದಿನಾಲ್ಕರ ರೂಪಾಳನ್ನು ನಾಗಮಂಗಲದ ಸೋದರಮಾವನ ಮನೆಗೆ ಕಳಿಸುವುದೆಂದು ಮಕ್ಕಳ ಕಲ್ಯಾಣ ಸಮಿತಿಯವರು ಹೆಚ್ಚುಕಡಿಮೆ ತೀರ್ಮಾನಿಸಿದ್ದರು. ಅವಳನ್ನೂ ಸಭೆಗೆ ಕರೆಯಬೇಕೆಂದು ನಾನು ಹಟ ಹಿಡಿದೆ. ಬಂದವಳು ಕಿಟಕಿಯಾಚೆ ಕಾವೇರಿಯ ಮೇಲೆ ತೇಲುತ್ತಿದ್ದ ಮಂಜನ್ನೇ ನೋಡುತ್ತ ಕೂತಳು. ನಮ್ಮ ಮಾತೆಲ್ಲ ಆ ಮಂಜಿನಲ್ಲೇ ಕರಗಿಹೋಗುತ್ತಿದೆ ಅನ್ನಿಸಿತು.

"ಮಾವನ ಮನೆ ಇಷ್ಟ ಇಲ್ವೇನಮ್ಮ?" ಅಧ್ಯಕ್ಷರು ಕೇಳಿದರು.

"ಇಷ್ಟ ಸಾರ್," ಎಂದಳು, ನಿದ್ದೆಯಿಂದ ಎದ್ದವಳಂತೆ. "ಆದ್ರೆ ನನ್ ತಂಗಿ ಪಾಂಡವಪುರದ ಬಾಲಮಂದಿರದಲ್ಲವ್ಳೆ. ಭಾನ್ವಾರ ನಾನು ಓಗ್ದೆ ಇದ್ರೆ ಊಟನೇ ಮಾಡಲ್ಲ."

ಅಕ್ಕತಂಗಿಯರ ಕಡತಗಳು ಬೇರೆಬೇರೆ; ಒಟ್ಟಿಗೆ ಯಾರೂ ಬಿಚ್ಚಿರಲಿಲ್ಲ, ನಾನೂ. ಅಲ್ಲಿಂದಲೇ ಮಾವನಿಗೆ ಫೋನು ಮಾಡಿದೆವು.

"ಇಬ್ರುನ್ನೂ ಕಳ್ಸಿ ಬುಡಿ ಸಾ. ನಮ್ಮುನ್ನ ಯಾರು ಕೇಳಿದ್ರು?"

ರೂಪಾ ಮೊದಲ ಸಲ ನಮ್ಮ ಕಡೆ ತಿರುಗಿ ನಕ್ಕಳು.

ಸಭೆಯ ಕೊನೆಗೆ ತುಂಬಬೇಕಿದ್ದ ನಮೂನೆಯಲ್ಲಿ 'ಮಗುವಿನ ಅಭಿಪ್ರಾಯ'ಕ್ಕೆ ಬಿಟ್ಟಿದ್ದುದು ಒಂದೇ ಗೆರೆ. ಅಧ್ಯಕ್ಷರ ಸಹಿಗೆ ಮಾತ್ರ ಅರ್ಧ ಪುಟ.