ಆಚೆ ಕಡೆಯವರ ಫೋನು

ಅಣ್ಣ ಕಳೆದ ಮಳೆಗಾಲದಲ್ಲಿ ರಜೆಗೆ ಬಂದಾಗ ತನ್ನ ಕೆಲಸ ಏನೆಂದು ನಮಗೆ ಮೊದಲ ಸಲ ಸರಿಯಾಗಿ ಹೇಳಿದ. ಅಲ್ಲಿಯವರೆಗೆ ಕೇಳಿದವರಿಗೆಲ್ಲ ನಾವು ‘ಗಲ್ಫಿನಲ್ಲಿ ಫಿಟ್ಟರ್’ ಎಂದಷ್ಟೇ ಹೇಳುತ್ತಿದ್ದೆವು. ಅವನು ಇರುವುದು ಸಮುದ್ರದ ನಡುವೆ, ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿದ ಒಂದು ದೊಡ್ಡ ಅಟ್ಟದ ಮೇಲೆ. ಅದರ ಕೆಳಗೆ, ಸಮುದ್ರದ ತಳಕ್ಕಿಂತಲೂ ಆಳದಲ್ಲಿ, ಗ್ಯಾಸು ತುಂಬಿದ ನೆಲವಿದೆ. ಆ ನೆಲದ ಮೇಲೆ ಎರಡು ದೇಶಗಳ ಗಡಿ ಹಾದುಹೋಗಿದೆ. ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗುವುದಿಲ್ಲ. ಆದರೆ ಗ್ಯಾಸು ಒಂದೇ. ಒಬ್ಬರು ಜಾಸ್ತಿ ಎಳೆದರೆ ಇನ್ನೊಬ್ಬರ ಕೊಳವೆಯಲ್ಲಿ ಒತ್ತಡ ಇಳಿಯುತ್ತದೆ. ಅದಕ್ಕೇ ಇಬ್ಬರೂ ಕರಾರು ಮಾಡಿಕೊಂಡಿದ್ದಾರೆ.

ಕರಾರಿನ ಪ್ರಕಾರ ದಿನಾ ಬೆಳಿಗ್ಗೆ ಅಣ್ಣನ ಅಟ್ಟದ ಕಂಟ್ರೋಲ್ ರೂಮಿನಿಂದ ಆಚೆ ದೇಶದ ಅಟ್ಟಕ್ಕೆ ಒಂದು ಫೋನು ಹೋಗುತ್ತದೆ. ಇವರು ತಮ್ಮ ಒತ್ತಡದ ಅಂಕಿ ಹೇಳುತ್ತಾರೆ, ಅವರು ತಮ್ಮದನ್ನು ಹೇಳುತ್ತಾರೆ, ಇಡುತ್ತಾರೆ. ಯೋಗಕ್ಷೇಮದ ಒಂದು ಮಾತೂ ಇಲ್ಲ. ಮೀಟರುಗಳನ್ನು ನೋಡಿ ಅಂಕಿ ಬರೆದು ಒಯ್ಯುವುದು ಅಣ್ಣನ ಕೆಲಸವಾದ್ದರಿಂದ ಫೋನಿನ ಹೊತ್ತಿಗೆ ಅವನು ಅಲ್ಲೇ ಇರುತ್ತಿದ್ದ.

“ಅಂದ್ರ ನಮ್ಮ ಬೋರಿನಂಗ ಅನ್ನು,” ಎಂದ ಅಪ್ಪ.

“ಹಂಗ ನೋಡಪ್ಪಾ. ಇಲ್ಲಿ ನೀರು, ಅಲ್ಲಿ ಗ್ಯಾಸು.”

ಹಳಿಯಾಳದ ಹತ್ತಿರದ ನಮ್ಮ ಹೊಲಕ್ಕೂ ಅಪ್ಪನ ತಮ್ಮ ಕಾಕಾನ ಹೊಲಕ್ಕೂ ಬೋರು ಒಂದೇ. ಬದುವಿನ ಜಗಳದಿಂದ ಅಪ್ಪ ಮತ್ತು ಕಾಕಾ ಮಾತು ಬಿಟ್ಟಾಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಮದುವೆ, ಸಾವು ಯಾವುದಕ್ಕೂ ಒಬ್ಬರ ಮನೆ ಇನ್ನೊಬ್ಬರು ತುಳಿದಿಲ್ಲ. ಆದರೆ ನೀರಿನ ಪಾಳಿ ಮಾತ್ರ ಇಂದಿಗೂ ತಪ್ಪಿಲ್ಲ. ಬೋರಿನ ಪಕ್ಕದಲ್ಲಿ ಒಂದು ಸಲಿಕೆ ಇದೆ. ಪಾಳಿ ಮುಗಿದವರು ಅದರ ಬಾಯಿಯನ್ನು ಇನ್ನೊಬ್ಬರ ಹೊಲದ ಕಡೆ ತಿರುಗಿಸಿ ನೆಲಕ್ಕೆ ಚುಚ್ಚಿ ಹೋಗುತ್ತಾರೆ. ಅದನ್ನು ನೋಡಿ ಆ ಇನ್ನೊಬ್ಬರು ಮೋಟರು ಹಚ್ಚುತ್ತಾರೆ. ಇಷ್ಟು ವರ್ಷ ಅವರಿಬ್ಬರ ನಡುವೆ ನಡೆದ ಮಾತೆಂದರೆ ಇದೊಂದೇ.

“ಹೊಟ್ಟಿಗೆ ಬೇಕಾದದ್ದು ಒಂದ ಕಡೆ ಇದ್ರ ಎಂಥ ವೈರಿನೂ ಪಾಳಿ ತಪ್ಪಸಂಗಿಲ್ಲ,” ಎಂದು ಅಪ್ಪ ಅಂದು ಹೇಳಿದ. “ನಿನ್ನ ಕಾಕಾ ನನ್ನ ಹೆಣಕ್ಕೂ ಬರೂದಿಲ್ಲ. ಆದ್ರ ಸಲಿಕಿ ತಿರಗಸೂದು ಮರೀತಾನೇನು?”

ಅಣ್ಣ ನಕ್ಕ. ನಾನು ಕೇಳಿದೆ: “ಅಲ್ಲಿ ಗದ್ದಲಾದ್ರ ನೀ ಯಾವಾಗ ಬರ್ತೀ?”

“ಆಚೆ ಕಡೆಯವರು ಫೋನ್ ಎತ್ತದ ದಿನ. ಅವತ್ತ ಗಂಟು ಕಟ್ಟತೇನಿ. ನೀ ಡೈರ್ಯಾಗ ಬರದಿಟ್ಕೊ, ಆಮ್ಯಾಲ ನನಗ ಹೇಳಿಲ್ಲ ಅನಬ್ಯಾಡ.”

ಬರೆದಿಟ್ಟುಕೊಂಡೆ. ಅವನು ಹೋದ ಮೇಲೆ ಅವನ ಫೋನು ಬಂದ ದಿನವೆಲ್ಲ ಪುಟದ ಮೂಲೆಯಲ್ಲಿ ಒಂದು ಗೀಟು ಹಾಕುತ್ತ ಬಂದೆ, ಅದನ್ನು ಅವನಿಗೂ ಹೇಳಿದ್ದೆ. ದೀಪಾವಳಿಯವರೆಗೆ ಗೀಟುಗಳು ಒತ್ತಾಗಿ ಬಿದ್ದಿವೆ. ಅಷ್ಟರಲ್ಲಿ ಟೀವಿಯಲ್ಲಿ ಆ ಎರಡು ದೇಶಗಳ ಹೆಸರು ದಿನಾ ಬರತೊಡಗಿತ್ತು. ಹಡಗುಗಳನ್ನು ತಡೆದರಂತೆ, ರಾಯಭಾರಿಯನ್ನು ವಾಪಸು ಕಳಿಸಿದರಂತೆ. ಅದೇ ತಿಂಗಳಲ್ಲಿ ಕಂಪನಿಯೊಂದಿಗಿನ ಅಣ್ಣನ ಕೆಲಸದ ಒಪ್ಪಂದ ಮುಗಿಯುವುದಿತ್ತು. ಸಹಿ ಮಾಡಿದರೆ ಇನ್ನೂ ಎರಡು ವರ್ಷ, ಮಾಡದಿದ್ದರೆ ಊರು.

ಏನು ಮಾಡಲೆಂದು ಅವನು ಫೋನಿನಲ್ಲಿ ಅಪ್ಪನನ್ನು ಕೇಳಿದ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

“ಫೋನ್ ಎತ್ತತಾರಿಲ್ಲೋ?”

“ದಿನಾ ಎತ್ತತಾರಪ್ಪಾ.”

“ಮತ್ತ ಟೀವ್ಯಾವ್ರ ಮಾತು ಯಾಕ ಕೇಳ್ತಿ? ಮಾಡು ಸಹಿ.”

ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಿದಳು, ಮತ್ತೆ ಬಡಿದಳು. ಅಣ್ಣ ಸಹಿ ಮಾಡಿದ.

ನಾನು ಕೆಲಸ ಮಾಡುವುದು ದಾಂಡೇಲಿಯಲ್ಲಿ, ಕಾಳಿ ನದಿಯ ದಂಡೆಯ ಒಂದು ರೆಸಾರ್ಟಿನಲ್ಲಿ. ಸ್ಟೋರಿನ ಲೆಕ್ಕ ನನ್ನದು. ಚಳಿಗಾಲದ ಪ್ರವಾಸಿಗರು ತುಂಬುವ ಹೊತ್ತಿಗೆ ಸರಿಯಾಗಿ ಸಿಲಿಂಡರ್ ಗಾಡಿ ತಪ್ಪತೊಡಗಿತು. ಕೇಳಿದರೆ ಏಜನ್ಸಿಯವರು “ಮ್ಯಾಲಿಂದನ ಬಂದಿಲ್ರಿ” ಎನ್ನುತ್ತಿದ್ದರು. ಅಡುಗೆಯ ಅಕ್ಕ ಜೋಯಿಡಾ ಕಡೆಯ ಸಿದ್ದಿ ಹೆಂಗಸು, ಮಾತಿನಲ್ಲಿ ಯಾರನ್ನೂ ಬಿಡುವವಳಲ್ಲ.

“ಏನ್ ತಂಗೀ, ನಿಮ್ಮಣ್ಣ ಗ್ಯಾಸಿನ ಮ್ಯಾಲ ಕೂತಾನಂತ, ನಮ್ಮ ಒಲಿಗೆ ಹೊಗಿ ಹಾಕ್ತಾನ! ಒಂದು ನಳಾ ಈ ಕಡೆ ತಿರಗಸಂತ ಹೇಳ ಅವಂಗ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಕೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಸಾಮಿಲ್ಲಿನ ತುಂಡು ಕಟ್ಟಿಗೆಯಲ್ಲಿ ಅನ್ನಕ್ಕೆ ಎಸರಿಟ್ಟಳು. ಆ ವಾರ ಸ್ಟೋರಿನ ಪುಸ್ತಕದಲ್ಲಿ ಸಿಲಿಂಡರಿನ ಕಾಲಂ ಖಾಲಿ, ಡೈರಿಯ ಮೂಲೆಯೂ ಖಾಲಿ. ಇವೆರಡೂ ಒಂದೇ ಸಮುದ್ರದಿಂದ ಬಂದ ಸುದ್ದಿ ಎಂದು ಆಗ ಹೊಳೆಯಿತು.

ಸಂಕ್ರಾಂತಿ ಕಳೆದ ಮೇಲೆ, ಒಂದು ರವಿವಾರ ಮಧ್ಯಾಹ್ನ ನಾನು ಮನೆಗೆ ಬಂದಿದ್ದಾಗ ಅಣ್ಣನ ಫೋನು ಬಂತು. ಅಪ್ಪ ಸ್ಪೀಕರಿಗೆ ಹಾಕಿದ.

“ಎತ್ತಾಕತ್ತಾರಿಲ್ಲೋ?”

“ಎತ್ತತಾರಪ್ಪಾ. ಆದ್ರ ದನಿ ಬ್ಯಾರೆ ಆಗೇತಿ. ಮೊದಲಿದ್ದಂವಾ ಅಂಕಿ ಹೇಳೂ ಮುಂದ ಒಂದೀಟು ಕೆಮ್ಮತಿದ್ದ. ನಮಗೆಲ್ಲಾರಿಗೂ ಅವನ ಕೆಮ್ಮು ಗುರ್ತಿತ್ತು. ಈಗಿನಂವಾ ಗಿಣಿ ಹೇಳಿದಂಗ ಹೇಳಿ ಇಡ್ತಾನ.”

“ದನಿ ತಗೊಂಡು ಏನ್ ಮಾಡ್ತಿ? ಅಂಕಿ ಬಂತಿಲ್ಲೋ?”

ಅಣ್ಣ ದನಿ ತಗ್ಗಿಸಿದ. ಹಿಂದೆ ಯಂತ್ರದ ಸದ್ದು ಕೇಳುತ್ತಿತ್ತು.

“ದಿನಾ ಅದ ಅಂಕಿ ಬರಾಕತ್ತೇತಿ ಅಪ್ಪಾ. ಹೋದ ವಾರದ್ದ ಅಂಕಿ. ಒತ್ತಡ ಅನ್ನೂದು ದಿನಾ ಒಂದ ಥರಾ ಇರಂಗಿಲ್ಲ. ನಮ್ಮ ಮೀಟರ ಇಳ್ಯಾಕತ್ತಾವು. ಅವರ ಕಡೀನೂ ಇಳೀಬೇಕು.”

“ಅಂದ್ರ?”

“ಅಂದ್ರ ಅಲ್ಲಿ ಮೀಟರ ನೋಡಾವ್ರು ಯಾರೂ ಇಲ್ಲ. ಫೋನ್ ಎತ್ತಾಕ ಅಷ್ಟ ಯಾರನ್ನೋ ಕುಂಡ್ರಿಸ್ಯಾರ.”

ಅಪ್ಪ ಮೊಬೈಲನ್ನು ಕೈಯಲ್ಲಿ ಹಿಡಿದು ಅದರ ಪರದೆಯನ್ನೇ ನೋಡುತ್ತಿದ್ದ. ಫೋನು ಎತ್ತದಿದ್ದರೆ ಬರಬೇಕು ಎಂಬುದನ್ನು ನಾವೆಲ್ಲ ಗಟ್ಟಿ ಹಿಡಿದಿದ್ದೆವು. ಎತ್ತಿಯೂ ಸುಳ್ಳು ಹೇಳಿದರೆ ಏನು ಮಾಡಬೇಕೆಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಕಾಕಾ ಸಲಿಕೆ ತಿರುಗಿಸಿದ್ದಾನೆ ಎಂದರೆ ನೀರು ಬಿಟ್ಟಿದ್ದಾನೆ ಎಂದೇ ನಮಗೆ ಅರ್ಥ. ನಮ್ಮ ಹೊಲದ ತಿಳಿವಳಿಕೆಯನ್ನು ನಾವು ಆ ಸಮುದ್ರಕ್ಕೆ ಒಯ್ದು ಅಣ್ಣನನ್ನು ಅದರ ಮೇಲೆ ಕೂರಿಸಿದ್ದೆವು.

“ನೀ ಬಂದಬಿಡು,” ಎಂದ ಅಪ್ಪ. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

“ಸಾಹೇಬರನ್ನ ಕೇಳಿದೆ. ‘ಫೋನ್ ನಡದೈತಿ, ಕರಾರು ನಡದೈತಿ, ನಿನಗೇನಾಗೇತಿ’ ಅಂದ್ರು.”

ಅವ್ವ ಮುಂದೆ ಬಂದು ಮೊಬೈಲಿಗೆ ಬಾಯಿ ಹಚ್ಚಿದಳು. “ನಾ ಉಳವಿ ಗುಡಿಗೆ ನಡಕೊಂಡ ಬರ್ತೇನಂತ ಬೇಡಿಕೊಂಡೇನಿ. ನೀ ಬಂದ ಮ್ಯಾಲ ಹೋಗಾಕಿ. ನನ್ನ ಮೊಣಕಾಲಿಗೆ ಭಾಳ ದಿನ ತಡಿಯೂ ಶಕ್ತಿ ಇಲ್ಲ, ಲಗೂನ ಬಾ.”

ಅಣ್ಣ ನಕ್ಕ. ಆಮೇಲೆ ಸಂಪರ್ಕ ಹೋಯಿತು.

ಹದಿನೈದು ದಿನದ ನಂತರ ಆ ಸಮುದ್ರದಲ್ಲಿ ಎಲ್ಲೋ ಬೆಂಕಿ ಎಂದು ಟೀವಿಯಲ್ಲಿ ತೋರಿಸಿದರು. ಅಣ್ಣನ ಅಟ್ಟವಲ್ಲ, ಅವನೇ ಫೋನು ಮಾಡಿ ಹೇಳಿದ. ಕಂಪನಿ ಈಗ ಜನರನ್ನು ಕಳಿಸುತ್ತಿದೆ, ಮೊದಲು ಅಡುಗೆಯವರು, ಪೇಂಟರುಗಳು, ಹೆಲ್ಪರುಗಳು. ಗ್ಯಾಸಿನ ಕೊಳವೆಗಳ ಬಾಯಿಗಳನ್ನು ಒಂದೊಂದಾಗಿ ಮುಚ್ಚಬಲ್ಲ ಫಿಟ್ಟರುಗಳು ಕಡೆಗೆ. ತೆರೆದ ಬಾಯಿ ಬಿಟ್ಟು ಹೋದರೆ, ಒಂದು ಕಿಡಿ ಬಿದ್ದರೆ ಇಡೀ ಅಟ್ಟ ಹೋಗುತ್ತದೆ. ಹಾಗೆಂದು ಹೇಳುವಾಗ ಅವನು ಆ ಅಟ್ಟದ ಮೇಲೆಯೇ ನಿಂತಿದ್ದ.

“ಎಷ್ಟ ಉಳದಾವು?” ಎಂದೆ.

“ನೀ ಗೀಟು ಎಣಸ್ಕೋತ ಕುಂಡ್ರಬ್ಯಾಡ. ಆಗತಾವು.”

ಮೊದಲ ಗುಂಪಿನಲ್ಲಿ ಬಂದವರಲ್ಲಿ ಮುಂಡಗೋಡದ ಒಬ್ಬರಿದ್ದರು. ಅಣ್ಣ ಅವರ ಕೈಯಲ್ಲಿ ಒಂದು ಬ್ಯಾಗು ಕಳಿಸಿರುವುದಾಗಿ ಹೇಳಿದ್ದ. ಗೋವಾದಲ್ಲಿ ಇಳಿದು ಬಸ್ಸಿನಲ್ಲಿ ಊರಿಗೆ ಹೊರಟಿದ್ದ ಅವರು ನಮಗಾಗಿ ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರು. ನಾನು ಮತ್ತು ಅಪ್ಪ ಹೋಗಿದ್ದೆವು. ಅವರ ಗಡ್ಡ ಬೆಳೆದಿತ್ತು. ಬಿಸಿಲಿನಲ್ಲೂ ಜಾಕೀಟು ತೆಗೆದಿರಲಿಲ್ಲ.

“ಚಾ ಕುಡಿಯೂಣು ಬರ್ರಿ,” ಎಂದ ಅಪ್ಪ.

“ಬ್ಯಾಡ್ರಿ, ಆ ಬಸ್ ತಪ್ಪಿದ್ರ ಸಂಜೀಕ ಐತಿ.”

“ಆ ಕಡೆಯವ್ರು ಫೋನ್...”

“ಎತ್ತತಾರ್ರಿ. ನಾ ಹೊಂಡೂ ದಿನಾನೂ ಎತ್ತಿದ್ರಂತ.” ಅವರು ಬ್ಯಾಗನ್ನು ನನ್ನ ಕಾಲ ಬಳಿ ಇಟ್ಟರು. “ನಿಮ್ಮ ಹುಡುಗ ಚಲೋ ಅದಾನ್ರಿ. ಕಡೀ ಬೋಟಿನ್ಯಾಗ ಬರ್ತೇನಿ ಅಂದ.”

ಅವರು ಅಪ್ಪನ ಮುಖ ನೋಡದೆ ಬಸ್ಸಿನ ಬೋರ್ಡು ನೋಡುತ್ತ ಇಷ್ಟು ಹೇಳಿದರು. ಬಸ್ಸು ಹತ್ತಿದ ಮೇಲೆಯೂ ಕಿಟಕಿಯಿಂದ ತಿರುಗಿ ನೋಡಲಿಲ್ಲ.

ಬ್ಯಾಗು ಕಂಡು ಅವ್ವನಿಗೆ ಬಹಳ ದಿನದ ಮೇಲೆ ಕಳೆ ಬಂತು. ಸಾಮಾನು ಬಂತೆಂದರೆ ಹಿಂದೆ ಮನುಷ್ಯ ಬಂದಂತೆ ಎಂದು ಆಕೆಯ ನಂಬಿಕೆ. ಅಣ್ಣನ ಅಂಗಿಗಳನ್ನು ಒಂದೊಂದಾಗಿ ಮೂಸಿ ನೋಡಿ “ಏನ್ ಎಣ್ಣಿ ನಾರ್ತಾವವ್ವಾ ಇವು” ಎಂದು ಬೈಯುತ್ತ ಒಗೆಯುವ ಕಲ್ಲಿಗೆ ಒಯ್ದಳು. ಬ್ಯಾಗಿನ ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಚಪ್ಪಟೆ ಕಟ್ಟು ಉಳಿದಿತ್ತು. ಟೇಪನ್ನು ನಾನೇ ಬಿಡಿಸಿದೆ. ಐಟಿಐ ಪ್ರಮಾಣಪತ್ರ, ಅನುಭವದ ಪತ್ರಗಳು, ಸಮುದ್ರದ ಕೆಲಸಕ್ಕೆಂದು ಮುಂಬೈಯಲ್ಲಿ ತರಬೇತಿ ಮುಗಿಸಿ ಪಡೆದ ಕಾರ್ಡು. ಎಲ್ಲವೂ ಅಸಲು ಪ್ರತಿಗಳು. ಇವು ಕೈಯಲ್ಲಿಲ್ಲದೆ ಯಾವ ಕಂಪನಿಯೂ ಅವನನ್ನು ಗೇಟಿನ ಒಳಗೆ ಬಿಡುವುದಿಲ್ಲ. ಕಡೆಯ ಬೋಟು ಹತ್ತಿ ಬರುವ ಭರವಸೆ ಇದ್ದವನು ಇವನ್ನು ಅಂಗಿಯ ಒಳಗೆ ಕಟ್ಟಿಕೊಂಡು ಬರುತ್ತಿದ್ದ.

ಅಪ್ಪ ನನ್ನ ಕೈಯಿಂದ ಅವನ್ನು ತೆಗೆದುಕೊಂಡ. ಒಂದೊಂದನ್ನೂ ನೋಡಿದ. ಅವನಿಗೆ ಇಂಗ್ಲಿಷ್ ಓದಲು ಬಾರದು. ಮೂಲೆಯಲ್ಲಿದ್ದ ಅಣ್ಣನ ಫೋಟೋಗಳನ್ನು ನೋಡಿದ. ಹಿತ್ತಲಿನಿಂದ ಅವ್ವನ ಬಟ್ಟೆ ಒಗೆಯುವ ಸಪ್ಪಳ ಬರುತ್ತಿತ್ತು.

“ಮತ್ತೇನರ ಕಳಿಸ್ಯಾನೇನು?” ಎಂದು ಆಕೆ ಅಲ್ಲಿಂದಲೇ ಕೂಗಿ ಕೇಳಿದಳು.

ಅಪ್ಪ ಕಾಗದಗಳನ್ನು ಅದೇ ಮಡಿಕೆಗಳಲ್ಲಿ ಮಡಚಿ ಪ್ಲಾಸ್ಟಿಕ್ಕಿನೊಳಗೆ ಹಾಕಿ ಟೇಪು ಒತ್ತಿದ. ಅದು ಹಿಡಿಯಲಿಲ್ಲ, ಹೆಬ್ಬೆರಳಿನಿಂದ ಮತ್ತೆ ಒತ್ತಿದ.

“ಏನಿಲ್ಲ,” ಎಂದ. “ಅಂಗೀನ ಅಷ್ಟ.”