ಮುಖ ನೋಡಿ ಟೈಪು ಮಾಡುತ್ತಿದ್ದವಳು

ಆ ದಿನ ನಿನ್ನಮ್ಮನ ಫೋನು ತಿರುವನಂತಪುರದ ಲಾಡ್ಜಿನಲ್ಲಿ ಮರೆತುಹೋಗಿರಲಿಲ್ಲ, ಪಲ್ಲವಿ. ನನ್ನ ಚೀಲದಲ್ಲಿತ್ತು. ಸ್ವಿಚ್ ಆಫ್ ಮಾಡಿ, ಟವೆಲ್ಲಿನಲ್ಲಿ ಸುತ್ತಿ, ನಾನೇ ಇಟ್ಟಿದ್ದೆ. ದನಿ ಕಳೆದುಕೊಂಡ ಹೆಂಡತಿಗೆ ಉಳಿದಿದ್ದ ಒಂದೇ ಬಾಯಿ ಅದು — ಅದನ್ನು ಡಾಕ್ಟರ ಕೋಣೆಗೆ ಹೋಗುವ ಮೊದಲು ಕಿತ್ತುಕೊಂಡೆ. ಇಷ್ಟು ವರ್ಷ ನಿನಗೆ ಬೇರೆಯೇ ಹೇಳಿಕೊಂಡು ಬಂದೆ.

ನಿನಗೆ ಹೇಳಿದ್ದು ಇಷ್ಟು: ಅಮ್ಮ ಡಾಕ್ಟರ ಮುಂದೆ ತಾನಾಗಿಯೇ ಕೈ ಎತ್ತಿ ಪೆನ್ನು ಕೇಳಿದಳು, ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದಳು, ಹೋರಾಡಿದಳು. ಪೆನ್ನು ಕೇಳಿದ್ದು ನಿಜ. ಸಹಿಯೂ ನಿಜ. ಉಳಿದದ್ದನ್ನು ನಾನು ನುಂಗಿಬಿಟ್ಟೆ. ಈಗ ನೀನು ತಿರುವನಂತಪುರದಲ್ಲೇ ಕೆಲಸಕ್ಕಿದ್ದೀಯ, ಭಾನುವಾರಗಳಲ್ಲಿ ಅದೇ ಕ್ಯಾನ್ಸರ್ ಆಸ್ಪತ್ರೆಯ ರೋಗಿಗಳ ಹತ್ತಿರ ಕೂತು ಧೈರ್ಯ ಹೇಳುತ್ತೀಯ. ಮೊನ್ನೆ ಫೋನಿನಲ್ಲಿ, ನಿನ್ನ ಆ ಚುರುಕು ಮಲಯಾಳದಲ್ಲಿ, ಒಬ್ಬ ಹೆಂಗಸಿನ ವಿಷಯ ಹೇಳಿದೆ. ಔಷಧಿ ಸಾಕು, ನನ್ನನ್ನು ಮನೆಗೆ ಕಳಿಸಿ ಎಂದು ಹಟ ಹಿಡಿದಿದ್ದಳಂತೆ. ನೀನು ಅವಳಿಗೆ ಅಮ್ಮ ಪೆನ್ನು ಕೇಳಿದ ಕತೆ ಹೇಳಿದೆಯಂತೆ. ಅವಳು ಅತ್ತು, ಒಪ್ಪಿ, ಸಹಿ ಹಾಕಿದಳಂತೆ. ನಿನ್ನ ದನಿಯಲ್ಲಿ ಎಷ್ಟು ಹೆಮ್ಮೆ ಇತ್ತು! ನಾನು "ಛಲೋ ಆತು" ಅಂದೆ. ಅಂದವನೇ ಫೋನು ಇಟ್ಟು, ಮುಂದೆ ಬಡಿಸಿಕೊಂಡಿದ್ದ ಅನ್ನವನ್ನು ಹಾಗೇ ಮುಚ್ಚಿಟ್ಟೆ.

ನನ್ನ ಸುಳ್ಳು ಈಗ ನಿನ್ನ ಬಾಯಲ್ಲಿ ಕೆಲಸ ಮಾಡುತ್ತಿದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಇಲ್ಲದಿದ್ದರೆ ಬರೆಯುತ್ತಿದ್ದೆನೋ ಇಲ್ಲವೋ — ಬಹುಶಃ ಇಲ್ಲ.

ನಿನ್ನಮ್ಮ ಗಿರಿಜೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸ್ಟೆನೋ ಆಗಿದ್ದಳು, ನಿನಗೆ ಗೊತ್ತೇ ಇದೆ. ಆದರೆ ಅವಳು ಟೈಪಿಂಗ್ ಕಲಿತದ್ದು ಹೇಗೆಂದು ನಿನಗೆ ಹೇಳಿದ್ದಳೋ ಇಲ್ಲವೋ. ಧಾರವಾಡದಲ್ಲಿ ಅವಳ ಮೇಷ್ಟ್ರು ಹುಡುಗಿಯರ ಕೈಗಳ ಮೇಲೆ ಪಂಚೆ ಹೊದಿಸಿ ಟೈಪು ಮಾಡಿಸುತ್ತಿದ್ದರಂತೆ. ಕೀಲಿ ನೋಡಿದವಳಿಗೆ ಅಂದು ಪಾಠವಿಲ್ಲ. ಹಾಗಾಗಿ ಅವಳಿಗೆ ಬೆರಳಿನಲ್ಲೇ ಕಣ್ಣು. ಸಾಹೇಬರ ಮುಖ ನೋಡಿಕೊಂಡೇ ಪುಟಗಟ್ಟಲೆ ಬಡಿಯುತ್ತಿದ್ದಳು, ಅವರು ಹೇಳುವ ಸುಳ್ಳು ಎಲ್ಲಿ ಶುರುವಾಗುತ್ತದೆ ಎಂಬುದು ಮುಖದಲ್ಲೇ ತಿಳಿಯುತ್ತದೆ ಎಂದು ಮನೆಗೆ ಬಂದು ನಗುತ್ತಿದ್ದಳು. ಕೊಚ್ಚಿಗೆ ವರ್ಗವಾಗಿ ಬಂದ ವರ್ಷದೊಳಗೆ ಮಲಯಾಳ ಕಲಿತು, ಮಟ್ಟಾಂಚೇರಿಯ ಮಸಾಲೆ ಪೇಟೆಯಲ್ಲಿ ಒಣಮೆಣಸಿನಕಾಯಿಗೆ ಚೌಕಾಸಿ ಮಾಡಿದವಳು ಅವಳು. ನಾನು, ಕೇಳಿದರೆ ತಿಳಿದರೂ, ಇಂದಿಗೂ ಆಟೋದವನಿಗೆ ಇಂಗ್ಲಿಷಿನಲ್ಲೇ ದಾರಿ ಹೇಳುತ್ತೇನೆ. ನಮ್ಮ ಮನೆಯ ಬಾಯಿ ಅವಳೇ ಆಗಿದ್ದಳು. ಕಾಯಿಲೆ ಹುಡುಕಿಕೊಂಡು ಹೋಗಿ ಕೂತದ್ದೂ ಗಂಟಲಿನಲ್ಲೇ.

ಮೊದಲ ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆ ತೆಗೆದರು. ಕುತ್ತಿಗೆಯಲ್ಲಿ ಉಸಿರಿಗೊಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಬಲಭುಜ ಜೋತುಬಿದ್ದು ಕೈಬರಹ ಅಡ್ಡಾದಿಡ್ಡಿಯಾಯಿತು. ನಾನು ದೊಡ್ಡ ಪರದೆಯ ಟಚ್ ಫೋನು ತಂದುಕೊಟ್ಟೆ. ಅವಳಿಗೆ ಅದು ಆಗಲಿಲ್ಲ. ಗಾಜಿನ ಮೇಲೆ ಬೆರಳಿಗೆ ಏನೂ ಸಿಗುವುದಿಲ್ಲವಲ್ಲ, ತಲೆ ತಗ್ಗಿಸಿ ಹುಡುಕಿ ಹುಡುಕಿ ಒತ್ತಬೇಕು. ಅವಳು ತಲೆ ಎತ್ತುವಷ್ಟರಲ್ಲಿ ನಾವು ಬೇರೆ ಮಾತಿಗೆ ಹೋಗಿರುತ್ತಿದ್ದೆವು. ಕೊನೆಗೊಂದು ದಿನ ಅದನ್ನು ನನ್ನ ಮುಂದೆ ತಳ್ಳಿ, ಪೂರ್ತಿ ಕೀಲಿಮಣೆ ಇರುವ ಫೋನೇ ಬೇಕು ಎಂದು ಹಟ ಮಾಡಿದಳು. ಯಾಕೆ ಎಂದು ಕೇಳಿದ್ದಕ್ಕೆ ಅದೇ ಗಾಜಿನ ಮೇಲೆ ಕಷ್ಟಪಟ್ಟು ಬರೆದು ತೋರಿಸಿದಳು.

"ನಿಮಗ ಬೈಯೋ ಮುಂದ ನಿಮ್ಮ ಮಾರಿ ಕಾಣಬೇಕಲ್ರೀ."

ಅಂಥ ಫೋನುಗಳ ಕಾಲ ಆಗಲೇ ಮುಗಿದಿತ್ತು. ಕೊಚ್ಚಿಯ ಪಾಲಾರಿವಟ್ಟಂನ ಅಂಗಡಿಯವರು ಒಳ್ಳೆಯವರೇ; ಚೇಚಿ, ಅಕ್ಕಾ, ಈಗ ಇದನ್ನೆಲ್ಲ ಯಾರು ಕೇಳುತ್ತಾರೆ ಎಂದು ನಕ್ಕು ಕಳಿಸಿದರು. ನಾವು ಮೂವರೂ ಅಲೆದದ್ದು ನಿನಗೆ ನೆನಪಿರಬೇಕು. ಒಂದು ಕಡೆ ಪರದೆಯ ಅಡಿಯಿಂದ ಕೀಲಿಗಳು ಜಾರಿ ಹೊರಬರುವ ಫೋನು ಸಿಕ್ಕಿತು. ಅವಳು ಕಣ್ಣು ಮುಚ್ಚಿ ಒತ್ತಿ ನೋಡಿ, ಕೀಲಿಗಳೆಲ್ಲ ಇಸ್ತ್ರಿ ಮಾಡಿದಂತೆ ಚಪ್ಪಟೆ ಎಂದು ಅದರಲ್ಲೇ ಒತ್ತಿ ತೋರಿಸಿ ವಾಪಸು ಕೊಟ್ಟಳು. ಇನ್ನೊಂದು, ಯಾರೋ ಬಳಸಿ ಬಿಟ್ಟದ್ದು, ಪರದೆಯ ಕೆಳಗೇ ಉಬ್ಬುಬ್ಬಾದ ಕೀಲಿಗಳ ಸಾಲು. ಕಣ್ಣು ಮುಚ್ಚಿ ನಿನ್ನ ಹೆಸರು ಒತ್ತಿದಳು, ನನ್ನ ಹೆಸರು ಒತ್ತಿದಳು, ಅಂಗಡಿಯವನಿಗೆ ಮಲಯಾಳದಲ್ಲಿ ಏನೋ ಕೀಟಲೆ ಒತ್ತಿ ತೋರಿಸಿದಳು. ಅವನು ಬಿದ್ದು ಬಿದ್ದು ನಕ್ಕ. ಆಪರೇಷನ್ನಿನ ನಂತರ ಅವಳ ಮಾತಿಗೆ ಹೊರಗಿನವರು ನಕ್ಕದ್ದು ಅದೇ ಮೊದಲು. ನಿನ್ನ ಉಗುರುಬಣ್ಣದಿಂದ ಎಫ್ ಮತ್ತು ಜೆ ಕೀಲಿಗಳ ಮೇಲೆ ಒಂದೊಂದು ಬೊಟ್ಟಿಟ್ಟುಕೊಂಡಳು, ಹೆಬ್ಬೆರಳಿಗೆ ಗುರುತು ಸಿಗಲೆಂದು. ಹತ್ತು ಬೆರಳಿನ ವಿದ್ಯೆ ಎರಡು ಹೆಬ್ಬೆರಳಿಗೆ ಬರುವುದಕ್ಕೆ ಕೆಲವು ವಾರ ಹಿಡಿಯಿತು, ಬಂತು. ಆಮೇಲೆ ಅವಳು ನಮ್ಮ ಮುಖವನ್ನೇ ನೋಡುತ್ತ ಇಂಗ್ಲಿಷ್ ಅಕ್ಷರಗಳಲ್ಲೇ ಟಿಕ್ ಟಿಕ್ ಎಂದು ಒತ್ತಿ, ಪರದೆಯನ್ನು ನಮ್ಮ ಕಡೆ ತಿರುಗಿಸುತ್ತಿದ್ದಳು. ನಾವು ಓದುವಾಗಲೂ ನೋಡುತ್ತಿದ್ದಳು. ನಗು ಎಲ್ಲಿ ಬಂತು, ಸಿಟ್ಟು ಎಲ್ಲಿ ಬಂತು, ಎಲ್ಲವೂ ಅವಳಿಗೆ ಬೇಕು.

ಮರುವರ್ಷ ಕಾಯಿಲೆ ಮತ್ತೆ ಬಂತು. ನಿನ್ನ ಪ್ಲಸ್ ಟೂ ಪರೀಕ್ಷೆ ಹತ್ತಿರವಿತ್ತು, ನಿನ್ನನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು ನಾವಿಬ್ಬರೇ ತಿರುವನಂತಪುರಕ್ಕೆ ಹೋದೆವು. ಡಾಕ್ಟರು ಸಹಿಯ ಹಿಂದಿನ ದಿನವೇ ನನ್ನನ್ನು ಹೊರಗೆ ಕರೆದು ಹೇಳಿದರು — ಇದು ವಾಸಿಯಾಗುವುದಿಲ್ಲ; ಆಸ್ಪತ್ರೆಯಲ್ಲಿಟ್ಟು ಬಲವಾದ ಔಷಧಿ ಕೊಟ್ಟು ನೋಡಬಹುದು, ಸ್ವಲ್ಪ ಕಾಲ ಹೆಚ್ಚಬಹುದು, ಹೆಚ್ಚದೆಯೂ ಇರಬಹುದು; ನರಳಿಕೆಯಂತೂ ಇದೆ; ನಿಮ್ಮ ಹೆಂಡತಿಯ ಹತ್ತಿರ ಮಾತಾಡಿ, ಅವರು ಹೇಳಿದಂತೆ. ನಾನು ಒಳಗೆ ಬಂದು ಗಿರಿಜೆಗೆ ಹೇಳಿದ್ದು ಒಂದೇ, ಔಷಧಿ ಕೊಡುತ್ತಾರಂತೆ ಎಂದು. ಅವಳು ನನ್ನ ಮುಖ ನೋಡಿದಳು. ಸಾಹೇಬರ ಮುಖವನ್ನು ಅಷ್ಟು ವರ್ಷ ಓದಿದವಳಿಗೆ ನನ್ನದು ಯಾವ ದೊಡ್ಡ ಮಾತು.

ಸಂಜೆ ಲಾಡ್ಜಿನ ಮಂಚದ ಮೇಲೆ ಕೂತು ಟೈಪು ಮಾಡಿ ತೋರಿಸಿದಳು. ಆ ಮಾತು ಒಂದಕ್ಷರ ಬಿಡದೆ ನೆನಪಿದೆ.

"ನಾಳೆ ಡಾಕ್ಟರಿಗೆ ನಾನ ಕೇಳಾಕಿ. ಔಷಧ ತಗೊಂಡ್ರ ಎಷ್ಟು ದಿನ, ಬಿಟ್ರ ಎಷ್ಟು ದಿನ. ಭಾಳ ಫರಕ್ ಇಲ್ಲಂದ್ರ ನಾ ಮನಿಗೆ ಬರ್ತೀನಿ. ಪಲ್ಲೂ ಪರೀಕ್ಷೆ ಮುಗಿಲಿ, ಮೂರೂ ಮಂದಿ ಬೋಟಿನಾಗ ಮಟ್ಟಾಂಚೇರಿಗೆ ಹೋಗೋಣ. ಈಗ ಗಾಳಿ ನನ್ನ ಎದಿಗೆ ಸೀದಾ ಹೋಗತದ, ಮೂಗಿನ ಕಾಟ ಇಲ್ಲ."

ಕೊನೆಯ ಮಾತಿಗೆ ತಾನೇ ನಕ್ಕಳು — ದನಿಯಿಲ್ಲದ ನಗು, ಭುಜ ಮಾತ್ರ ಅಲುಗುವುದು. ನಾನು ನಗಲಿಲ್ಲ. ಮರುದಿನ ಅವಳು ಸ್ನಾನಕ್ಕೆ ಹೋದಾಗ ಫೋನನ್ನು ಚೀಲಕ್ಕೆ ಹಾಕಿದೆ. ಹೊರಡುವಾಗ ನಾನೇ ಅವಸರ ಮಾಡಿದೆ, ಆಟೋ ನಿಂತಿದೆ, ಟೋಕನ್ ತಪ್ಪುತ್ತದೆ ಎಂದು. ಫೋನು ಎಂದು ಅವಳು ಕೈಸನ್ನೆ ಮಾಡಿದಾಗ, ನನ್ನ ಹತ್ತಿರ ಇದೆ ಬಾ ಎಂದೆ. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಕೈ ಚಾಚಿದಾಗ ಜೇಬು ತಡಕಿ ನೋಡಿ, ಅಯ್ಯೋ, ಲಾಡ್ಜಿನಲ್ಲೇ ಉಳಿಯಿತಲ್ಲ ಎಂದೆ. ನಾಟಕ ನನಗೆ ಅಷ್ಟು ಚೆನ್ನಾಗಿ ಬರುತ್ತದೆಂದು ಅಂದೇ ತಿಳಿದದ್ದು. ತೂ —

ಡಾಕ್ಟರ ಕೋಣೆಯಲ್ಲಿ ಜನ ಬಾಗಿಲಿಗೆ ಒತ್ತಿಕೊಂಡು ನಿಂತಿದ್ದರು. ಮಾತಾಡಿದಿರಾ ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ಮಾತಾಡಿದೆವು, ಒಪ್ಪಿದ್ದಾಳೆ ಎಂದೆ. ಗಿರಿಜೆ ಥಟ್ಟನೆ ನನ್ನ ಕಡೆ ತಿರುಗಿದಳು. ಮತ್ತೆ ಡಾಕ್ಟರ ಕಡೆ ತಿರುಗಿ, ಆ ಜೋತುಬಿದ್ದ ಕೈಯನ್ನು ಕಷ್ಟದಿಂದ ಎತ್ತಿ, ಗಾಳಿಯಲ್ಲಿ ಬರೆದು ತೋರಿಸಿದಳು. ಬರೆಯುವುದಕ್ಕೆ ಪೆನ್ನು ಕೊಡಿ ಎಂದು. ನನಗೆ ಅರ್ಥವಾಯಿತು. ಡಾಕ್ಟರು ಸಹಿಗೆ ಕೇಳುತ್ತಿದ್ದಾಳೆ ಎಂದುಕೊಂಡರು, ಮೆಚ್ಚುಗೆಯಿಂದ ನಕ್ಕು, ಒಪ್ಪಿಗೆಯ ಕಾಗದವನ್ನೇ ಅವಳ ಮುಂದೆ ಸರಿಸಿ, ಅದರ ಮೇಲೆ ಪೆನ್ನಿಟ್ಟರು. ಅವರದು ತಪ್ಪಲ್ಲ. ಒಪ್ಪಿದ್ದಾಳೆ ಎಂದು ಆಗಷ್ಟೇ ನಾನು ಹೇಳಿದ್ದೆನಲ್ಲ.

ಅವಳು ಪೆನ್ನು ಹಿಡಿದು ಕಾಗದದಲ್ಲಿ ಖಾಲಿ ಜಾಗ ಹುಡುಕಿದಳು. ಅಂಚಿನಲ್ಲಿ ಒಂದಿಷ್ಟಿತ್ತು, ಪೆನ್ನಿನ ತುದಿ ಅಲ್ಲಿಗೆ ಹೋಗುತ್ತಿತ್ತು. ಆಗ ನನ್ನ ಬೆರಳು — ಬ್ಯಾಂಕಿನವನ ಬೆರಳು, ಕೌಂಟರಿನಾಚೆಯ ಮುದುಕರಿಗೆ, ಮುದುಕಿಯರಿಗೆ ಇಡೀ ನೌಕರಿಯುದ್ದಕ್ಕೂ ಜಾಗ ತೋರಿಸಿದ ಬೆರಳು — ಸಹಿಯ ಗೆರೆಯ ಮೇಲೆ ಹೋಗಿ ಕೂತಿತು.

"ಇಲ್ಲಿ," ಎಂದೆ.

ನಮ್ಮ ಕೆಲಸದಲ್ಲಿ ಸಹಿ ತಾಳೆಯಾದರೆ ಮುಗಿಯಿತು, ಹಾಕಿದವರ ಮನಸ್ಸಿನಲ್ಲೇನಿತ್ತೆಂದು ಯಾರೂ ಕೇಳುವುದಿಲ್ಲ. ಆ ಅಭ್ಯಾಸವನ್ನೇ ನಾನು ನಂಬಿದ್ದೆ. ಗಿರಿಜೆ ನನ್ನ ಮುಖವನ್ನು ನೋಡಿದಳು. ಹೊರಗೆ ಮುಂದಿನವರ ಹೆಸರು ಕೂಗಿದರು. ಅವಳು ಬಗ್ಗಿ ಸಹಿ ಹಾಕಿದಳು.

ಬಟ್ಟೆಬರೆ ತೆಗೆದುಕೊಂಡು ಬಂದು ಸೇರಿಕೊಳ್ಳಿ ಎಂದಿದ್ದರಿಂದ ಕೊಚ್ಚಿಗೆ ಮರಳಲು ಅಂದೇ ಎರ್ನಾಕುಳಂ ರೈಲು ಹತ್ತಿದೆವು. ಲಾಡ್ಜಿಗೆ ಹೋಗಿ ಫೋನು ತರುವ ನಾಟಕವನ್ನೂ ಆಡಬೇಕಿತ್ತು. ಆಡಲಿಲ್ಲ, ಮರೆತೆನೋ, ಸಾಕಾಗಿತ್ತೋ. ಕೊಲ್ಲಂ ದಾಟಿದ ಮೇಲೆ ಅವಳು ನೀರಿನ ಬಾಟಲಿಗೆಂದು ನನ್ನ ಚೀಲಕ್ಕೆ ಕೈ ಹಾಕಿದಳು. ಕೈ ಒಳಗೇ ನಿಂತಿತು. ಟವೆಲ್ಲಿನ ಮೇಲಿಂದಲೇ ಅವಳ ಬೆರಳಿಗೆ ಕೀಲಿಗಳು ತಿಳಿದಿರಬೇಕು. ಫೋನನ್ನು ಹೊರಗೆ ತೆಗೆದಳು, ಟವೆಲ್ಲನ್ನು ನೀಟಾಗಿ ಮಡಿಸಿ ವಾಪಸು ಇಟ್ಟಳು, ಫೋನು ಚಾಲೂ ಮಾಡಿದಳು. ಈಗ ಉಗಿಯುತ್ತಾಳೆ, ಉಗಿಯಲಿ, ಉಗಿದರೆ ಬದುಕಿದೆ ಎಂದು ಕಾದೆ. ಟಿಕ್ ಟಿಕ್ ಸದ್ದು ಬಂತು. ಪರದೆ ನನ್ನ ಕಡೆ ತಿರುಗಿತು.

"ಹಸಿವಿ ಆಗಿರಬೇಕು. ಪಳಂಪೊರಿ ಬಂತು, ತಗೋರಿ."

ಅಷ್ಟೇ. ಬಾಳೆಹಣ್ಣಿನ ಬೋಂಡಾ ಮಾರುವವನು ಪಕ್ಕದಲ್ಲಿ ನಿಂತಿದ್ದ. ನಾನು ಕೊಂಡು ತಿಂದೆ. ತಿಂದೆ, ಪಲ್ಲವಿ — ಇದನ್ನೂ ಹೇಳಬೇಕು.

ಆಮೇಲಿನದು ನಿನಗೆ ಗೊತ್ತು. ವಾರ್ಡು, ವಾಂತಿ, ಉದುರಿದ ಕೂದಲು, ಬಾಯಿ ತುಂಬ ಹುಣ್ಣು. ಪರೀಕ್ಷೆ ಮುಗಿಸಿ ನೀನು ಬಂದಾಗ ನಿನ್ನನ್ನು ಗುರುತಿಸಿದಳು, ನಿನ್ನ ಮುಖ ನೋಡುತ್ತ ಏನೇನೋ ಟೈಪು ಮಾಡಿ ನಗಿಸಿದಳು. ಬೋಟು ಹತ್ತಲಿಲ್ಲ. ಮನೆಗೂ ಬರಲಿಲ್ಲ. ಆ ಹಾಸಿಗೆಯಲ್ಲೇ ಹೋದಳು. ಔಷಧಿಯಿಂದ ಒಂದು ದಿನವಾದರೂ ಹೆಚ್ಚಿತೋ, ಇದ್ದ ದಿನಗಳೂ ಕಡಿಮೆಯಾದವೋ, ನನಗೆ ಗೊತ್ತಿಲ್ಲ. ಅವಳು ಕೇಳಬೇಕೆಂದಿದ್ದ ಪ್ರಶ್ನೆಯೇ ಅದು.

ಅವಳನ್ನು ಉಳಿಸಿಕೊಳ್ಳಲು ಹಾಗೆ ಮಾಡಿದೆ ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ. ಹೊಡೆದುಹಾಕಿದೆ. ನಿಜವೆಂದರೆ ನನಗೆ ಹೆದರಿಕೆಯಾಗಿತ್ತು. ಅವಳು ಬೇಡವೆಂದರೆ ಮನೆಯಲ್ಲಿ, ನನ್ನ ಕಣ್ಣೆದುರೇ, ನನ್ನ ಕೈಯಲ್ಲೇ ಸಾಯುತ್ತಾಳೆ. ಆಸ್ಪತ್ರೆಯಾದರೆ ಅವರ ಕೈಯಲ್ಲಿ. ಅಷ್ಟೇ ನನ್ನ ಲೆಕ್ಕ.

ಒಂದು ಮಾತು ಉಳಿದಿದೆ, ನೀನು ಗಮನಿಸಿದ್ದೆಯೋ ಇಲ್ಲವೋ. ಕೊನೆಯ ತನಕ ಅವಳು ನಿನ್ನ ಹತ್ತಿರ, ನರ್ಸುಗಳ ಹತ್ತಿರ, ಪಕ್ಕದ ಹಾಸಿಗೆಯ ಚೇಚಿಯ ಹತ್ತಿರ ಮುಖ ನೋಡಿಕೊಂಡೇ ಟೈಪು ಮಾಡಿದಳು. ನನ್ನ ಹತ್ತಿರವೂ ಮಾತು ಬಿಡಲಿಲ್ಲ. ಊಟ ಆಯಿತೇ, ಪಲ್ಲೂಗೆ ಫೋನು ಮಾಡಿದಿರಾ, ಬಿ.ಪಿ. ಮಾತ್ರೆ ನುಂಗಿದಿರಾ, ಎಲ್ಲ ಕೇಳುತ್ತಿದ್ದಳು. ಆದರೆ ಆ ರೈಲಿನಿಂದ ಆಚೆಗೆ, ನನಗೆ ಟೈಪು ಮಾಡುವಾಗ ಮಾತ್ರ ತಲೆ ತಗ್ಗಿಸಿ, ಈಗಷ್ಟೇ ಕಲಿಯುವವಳ ಹಾಗೆ, ಒಂದೊಂದೇ ಕೀಲಿಯನ್ನು ನೋಡಿ ನೋಡಿ ಒತ್ತುತ್ತಿದ್ದಳು. ನನ್ನ ಮುಖವನ್ನು ಮತ್ತೆ ನೋಡಲಿಲ್ಲ.

ನಿನಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಕನ್ನಡದ ಅಕ್ಷರ ಓದಲು ಬಾರದು. ನಾವು ಕಲಿಸಲಿಲ್ಲ. ಇದನ್ನು ಬರೆಯಲು ಕೂತಾಗ ಒಳಗೊಳಗೇ ಅದೇ ಧೈರ್ಯವಿತ್ತು ನನಗೆ — ಬರೆದಂತೂ ಆಗುತ್ತದೆ, ನೀನಂತೂ ಓದುವುದಿಲ್ಲ. ಇದೂ ಫೋನನ್ನು ಟವೆಲ್ಲಿನಲ್ಲಿ ಸುತ್ತಿಟ್ಟ ಬುದ್ಧಿಯೇ. ಈ ಭಾನುವಾರ ನೀನು ವಾರ್ಡಿಗೆ ಹೋಗುವ ಮೊದಲೇ ನಾನು ಅಲ್ಲಿಗೆ ಬರುತ್ತೇನೆ. ಔಷಧಿ ಸಾಕೆಂದಿದ್ದ ಆ ಹೆಂಗಸು ಇನ್ನೂ ಇದ್ದರೆ, ಅವಳು ಏನು ಕೇಳಬೇಕೆಂದಿದ್ದಳೋ ಅದನ್ನು ಕೇಳಲು ಬಿಡೋಣ. ಅದಕ್ಕೂ ಮುಂಚೆ ನಿನ್ನನ್ನು ಕೂರಿಸಿ ಇಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ಈ ಕಾಗದ ಚೀಲದಲ್ಲೇ ಇರುತ್ತದೆ. ನಿನ್ನ ಮುಖ ನೋಡಿಕೊಂಡು ಹೇಳುತ್ತೇನೆ, ನೀನು ನನ್ನದನ್ನು ನೋಡದಿದ್ದರೂ.